ವಿಶ್ವವಿದ್ಯಾನಿಲಯದ ಪ್ರಯೋಗ ಪಾಠಶಾಲೆಗಳಲ್ಲಿ ಶಿಶುವರ್ಗ

ವಿಶ್ವವಿದ್ಯಾನಿಲಯಗಳು ಚಿಕ್ಕ ಮಕ್ಕಳ ಪಾಠಶಾಲೆಗಳನ್ನು ತಾವೇ ನಡೆಸುವ ಸಂಪ್ರದಾಯವು ಒಂದೇ ಉದ್ದೇಶದಿಂದ ಹುಟ್ಟಿದುದಲ್ಲ. ಇವುಗಳಲ್ಲಿ ಮೂರು ಬಗೆಗಳುಂಟು. ಅವುಗಳನ್ನು ಮೊದಲೇ ಬೇರ್ಪಡಿಸದಿದ್ದರೆ ಮುಂದಿನ ವಿಚಾರವೆಲ್ಲವೂ ಕಲಸಿಹೋಗುವುದು. ಉತ್ತಮವೆಂದು ಆಗಲೇ ನಿರ್ಣಯವಾದ ಬೋಧನಕ್ರಮವನ್ನು ನೋಡುವವರಿಗೆ ತೋರಿಸುವುದು ಮಾದರಿ ಪಾಠಶಾಲೆ. ಉಪಾಧ್ಯಾಯರಾಗಲಿರುವವರು ಕೈ ಪಳಗಿಸಿಕೊಳ್ಳುವುದು ಅಭ್ಯಾಸ ಪಾಠಶಾಲೆ. ಯಾವ ಕ್ರಮವು ಉತ್ತಮವೆಂಬುದು ಇನ್ನೂ ತಿಳಿಯದಿರುವಾಗ ಅದನ್ನು ಹುಡುಕುವುದಕ್ಕಾಗಿಯೇ ಏರ್ಪಟ್ಟುದು ಪ್ರಯೋಗ ಪಾಠಶಾಲೆ. ಮೊದಲಿನ ಎರಡರಲ್ಲಿ ಮಗುವು ವಿದ್ಯಾರ್ಥಿ ಮಾತ್ರ. ಮೂರನೆಯದರಲ್ಲಿ ಅದು ವಿದ್ಯಾರ್ಥಿಯೂ ಹೌದು, ಪರೀಕ್ಷಿಸಲ್ಪಡುವ ವಸ್ತುವೂ ಹೌದು. ಹೀಗಿರುವಲ್ಲಿ ಪ್ರಯೋಗವು ಮಗುವಿಗಾಗಿಯೋ ಮಗುವಿನ ಮೇಲೆಯೋ ಎಂಬ ಪ್ರಶ್ನೆಯು ಏಳದಿರಲಾರದು. ಈ ಪ್ರಶ್ನೆಗೆ ಅಮೆರಿಕದ ಎರಡು ವಿಶ್ವವಿದ್ಯಾನಿಲಯಗಳ ಚರಿತ್ರೆಯು ಯಾವ ಉತ್ತರವನ್ನು ಕೊಡುತ್ತದೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿಗೂ ಈ ಚರಿತ್ರೆಗೂ ಸಂಬಂಧವಿಲ್ಲದೆ ಇಲ್ಲ. ೧೯೬೩ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದ ಸಲಹೆ ಸಹಾಯಗಳೊಡನೆ ಬೆಳೆದುದು. ಅದಕ್ಕೆ ಸೇರಿದ ಪಾಠಶಾಲೆಗೆ “ಪ್ರಾತ್ಯಕ್ಷಿಕಾ ಬಹೂದ್ದೇಶ ಶಾಲೆ” ಎಂಬ ಅರ್ಥದ ಹೆಸರಿಟ್ಟರೇ ಹೊರತು ಪ್ರಯೋಗಶಾಲೆಯೆಂದು ಕರೆಯಲಿಲ್ಲ. ಪ್ರಾತ್ಯಕ್ಷಿಕೆಯೆಂದರೆ ತಿಳಿದುದನ್ನು ಕಣ್ಣಿಗೆ ಕಾಣುವಂತೆ ತೋರಿಸುವುದು. ಪ್ರಯೋಗವೆಂದರೆ ತಿಳಿಯದುದನ್ನು ಅರಸುವುದು. ಹೆಸರಿಟ್ಟವರು ಪದದ ಭಾರವನ್ನು ಅರಿತೇ ಇಟ್ಟರೆಂದು ಭಾವಿಸುವುದರಲ್ಲಿ ತಪ್ಪಿಲ್ಲ.

ಶಿಶುಶಿಕ್ಷಣದ ಮಾತು ಬಂದೊಡನೆ ಜರ್ಮನ್ ದೇಶದ ಫ್ರೋಬೆಲನನ್ನು (೧೭೮೨–೧೮೫೨) ನೆನೆಯದೆ ಮುಂದೆ ಹೋಗುವಂತಿಲ್ಲ. ಈತನು ೧೮೩೭ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಮಕ್ಕಳ ಆಟದ ಸಂಸ್ಥೆಯೊಂದನ್ನು ತೆರೆದು, ೧೮೪೦ರಲ್ಲಿ ಅದಕ್ಕೆ “ಕಿಂಡರ್‌ಗಾರ್ಟನ್” ಎಂಬ ನಾಮಕರಣವನ್ನು ಮಾಡಿದನು. ನೂಲಿನ ಚೆಂಡು, ಮರದ ಗೋಳ, ಘನ, ಸ್ತಂಭ ಮುಂತಾದ ವಸ್ತುಗಳಿಗೆ ಈತನು “ಕೊಡುಗೆ”ಗಳೆಂದು ಹೆಸರಿಟ್ಟು, ಒಂದೊಂದಕ್ಕೂ ಒಂದೊಂದು ತಾತ್ತ್ವಿಕಾರ್ಥವನ್ನು ಆರೋಪಿಸಿದನು. ಚೆಂಡು ಸಮಸ್ತ ವಿಶ್ವದ ಏಕತ್ವಕ್ಕೆ ಪ್ರತೀಕವಂತೆ. ಪ್ರತೀಕೋಪಾಸನೆಯಲ್ಲಿ ಬೆಳೆದ ನಮಗೆ ಇದು ಹೊಸದಾಗಿ ಕಾಣದು. ಆದರೆ ಉಪಾಸಕನಿಗೆ ಪ್ರತೀಕವು ಪ್ರತೀಕವೆಂಬ ಅರಿವಿರುವುದು, ನಾಲ್ಕು ವರ್ಷದ ಮಗುವಿಗೆ ಚೆಂಡು ಚೆಂಡೇ. ೧೮೫೧ರಲ್ಲಿ ಪ್ರಷ್ಯದ ಸರ್ಕಾರವು ಈ ಶಿಶುವಿಹಾರಗಳನ್ನು ನಾಸ್ತಿಕ್ಯಕ್ಕೂ ರಾಜ್ಯಕ್ರಾಂತಿಗೂ ಎಡೆಯೆಂದು ಶಂಕಿಸಿ ನಿಷೇಧಿಸಿತು. ಆ ನಿಷೇಧವು ೧೮೬೦ರಲ್ಲಿ ತೆಗೆದುಹಾಕಲ್ಪಟ್ಟಾಗ ಫ್ರೋಬೆಲನು ತೀರಿಹೋಗಿ ಎಂಟು ವರ್ಷಗಳಾಗಿದ್ದುವು.

ಇನ್ನು ಪ್ರಕೃತಕ್ಕೆ ಬರೋಣ. ಷಿಕಾಗೊ ವಿಶ್ವವಿದ್ಯಾನಿಲಯವು ತರಗತಿಗಳನ್ನು ಆರಂಭಿಸಿದುದು ೧೮೯೨ರಲ್ಲಿ. ಅದರ ಪ್ರಥಮಾಧ್ಯಕ್ಷರಾದ ಹಾರ್ಪರ್ ಎಂಬವರು ೧೮೯೪ರಲ್ಲಿ ಜಾನ್ ಡ್ಯೂಯಿಯನ್ನು ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥರನ್ನಾಗಿ ಬರಮಾಡಿಕೊಂಡರು. ಮನಶ್ಶಾಸ್ತ್ರವೂ ಶಿಕ್ಷಣಶಾಸ್ತ್ರವೂ ಆಗ ಆ ವಿಭಾಗದಲ್ಲಿಯೇ ಅಡಕವಾಗಿದ್ದುವು. ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ಪ್ರಯೋಗಶಾಲೆಯು ಹೇಗೆ ಅವಶ್ಯವೋ ಶಿಕ್ಷಣಶಾಸ್ತ್ರಕ್ಕೂ ಹಾಗೆಯೇ ಅವಶ್ಯವೆಂದೂ, ಅದಿಲ್ಲದೆ ಆ ಶಾಸ್ತ್ರವು ಬರಿಯ ಬಾಯಿಮಾತಾಗುವುದೆಂದೂ ಡ್ಯೂಯಿಯ ಮತ. ಇದರ ಫಲವಾಗಿ ೧೮೯೬ನೆಯ ಜನವರಿಯಲ್ಲಿ ಒಂದು ಖಾಸಗಿ ಮನೆಯಲ್ಲಿ ೧೬ ಮಂದಿ ಮಕ್ಕಳೊಡನೆ ಪಾಠಶಾಲೆಯು ಆರಂಭವಾಯಿತು. ವಿಶ್ವವಿದ್ಯಾನಿಲಯವು ಮೊದಲ ವರ್ಷಕ್ಕೆ ಮಂಜೂರು ಮಾಡಿದ ೧,೦೦೦ ಡಾಲರುಗಳು ಕೂಡ ನಗದಾಗಿ ಬರಲಿಲ್ಲ. ಪಾಠ ಹೇಳುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಶುಲ್ಕದ ವಿನಾಯಿತಿಯ ರೂಪದಲ್ಲಿ ಬಂದುವು. ಮಿಕ್ಕ ವೆಚ್ಚವು ಮಕ್ಕಳ ತಂದೆತಾಯಿಗಳಿಂದಲೂ ಮಿತ್ರರಿಂದಲೂ ಸಾಗಬೇಕಾಗಿದ್ದಿತು. “ಪ್ರಯೋಗ ಪಾಠಶಾಲೆ” ಎಂಬ ಹೆಸರನ್ನು ಸೂಚಿಸಿದವರು ಎಲಾ ಫ್ಲ್ಯಾಗ್ ಯಂಗ್ ಎಂಬ ಅನುಭವಶಾಲಿಯಾದ ಉಪಾಧ್ಯಾಯಿನಿ. ೧೯೦೨ರ ವೇಳೆಗೆ ಮಕ್ಕಳ ಸಂಖ್ಯೆ ೧೪೦ಕ್ಕೂ ಉಪಾಧ್ಯಾಯರ ಸಂಖ್ಯೆ ೨೩ಕ್ಕೂ ಏರಿದ್ದಿತು. ಆರು ಮಕ್ಕಳಿಗೊಬ್ಬ ಗುರು ಎಂಬ ಈ ಪ್ರಮಾಣವನ್ನು ಮರೆತು ಷಿಕಾಗೊ ಪದ್ಧತಿಯನ್ನು ಹೊಗಳುವವರು ನಮ್ಮಲ್ಲಿ ಬಹುಮಂದಿಯುಂಟು.

ನಾಲ್ಕು ಐದು ವರ್ಷಗಳ ಮಕ್ಕಳಿಗೆ ಇಲ್ಲಿ ಪ್ರತ್ಯೇಕ ವರ್ಗವು ಏರ್ಪಟ್ಟುದು ೧೮೯೮ರಲ್ಲಿ. ಡ್ಯೂಯಿಯು ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ಬಿಟ್ಟು “ಉಪಪ್ರಾಥಮಿಕ ವರ್ಗ” ಎಂಬರ್ಥದ ಹೆಸರನ್ನು ಇಟ್ಟನು. ಇದು ಹೆಸರಿನ ಹಟವಲ್ಲ. ಶಿಶುವಿಹಾರದಿಂದ ಪ್ರಾಥಮಿಕ ತರಗತಿಗೆ ಹೋಗುವ ಮಗುವು ಗೋಡೆಯೊಂದನ್ನು ಹತ್ತಿ ಇಳಿಯುವಂತಾಗಬಾರದೆಂಬುದೇ ಅವನ ಅಭಿಪ್ರಾಯ. ಡ್ಯೂಯಿಯು ಫ್ರೋಬೆಲನನ್ನು ನಿರಾಕರಿಸಿದನೆಂದು ಕೆಲವರು ಬರೆಯುತ್ತಾರೆ, ಅದು ಅರ್ಧಸತ್ಯ. ೧೯೦೦ರಲ್ಲಿ ಫ್ರೋಬೆಲನ ತತ್ತ್ವಗಳ ಮೇಲೆಯೇ ಪ್ರಬಂಧವನ್ನು ಬರೆದು, ಪರಸ್ಪರ ಸಹಾಯದ ಬಾಳನ್ನು ಕಲಿಸುವುದು, ಮಗುವಿನ ಸಹಜಚೇಷ್ಟೆಯಿಂದಲೇ ಶಿಕ್ಷಣವನ್ನು ಆರಂಭಿಸುವುದು ಮುಂತಾದ ಮೂಲತತ್ತ್ವಗಳನ್ನು ತನ್ನ ಪಾಠಶಾಲೆಯೆಲ್ಲವೂ ಸ್ವೀಕರಿಸಿದೆಯೆಂದು ಅವನು ಹೇಳಿಕೊಂಡನು. ಅವನು ಬಿಟ್ಟುದು ಪ್ರತೀಕಗಳನ್ನು ಮಾತ್ರ. ಅಂದಿನ ಜರ್ಮನಿಯಲ್ಲಿ ಹೊರಗಿನ ಸಮಾಜಜೀವನವು ನಿರ್ಬಂಧಕ್ಕೊಳಗಾಗಿದ್ದುದರಿಂದ ಫ್ರೋಬೆಲನು ಅದನ್ನು ನೇರವಾಗಿ ಪಾಠಶಾಲೆಗೆ ತರಲಾರದೆ ಸಂಕೇತಗಳ ಮೊರೆಹೊಕ್ಕನೆಂದು ಅವನ ವಿವರಣೆ. ಹಿಂದೆ ಹೇಳಿದ ನಿಷೇಧವನ್ನು ನೆನೆದರೆ ಈ ವಿವರಣೆಯು ಯುಕ್ತವೆಂದೇ ತೋರುತ್ತದೆ.

ಸಂಕೇತದ ಸ್ಥಾನದಲ್ಲಿ ಅವನು ಇಟ್ಟುದು ಮನೆಗೆಲಸ. ಉಪಪ್ರಾಥಮಿಕದ ಮಕ್ಕಳಿಗೆ ಬೆಳಗಿನ ಹೊತ್ತು ಮಾತ್ರ ಶಾಲೆ. ಕೈಗೆಲಸ, ಹಾಡು, ಕಥೆ, ಆಟ, ಅಭಿನಯ ಇವುಗಳ ನಡುವೆ ದಿನದ ಮುಖ್ಯಘಟ್ಟವೆಂದರೆ ಫಲಾಹಾರ. ಮೇಜನ್ನು ಸಿದ್ಧಪಡಿಸುವವರೂ ಬಡಿಸುವವರೂ ಪಾತ್ರೆ ತೊಳೆಯುವವರೂ ಮಕ್ಕಳೇ. ಎಷ್ಟು ಜನರಿದ್ದಾರೆ, ಎಷ್ಟು ಕುರ್ಚಿಗಳು ಬೇಕು, ಎಷ್ಟು ಬಟ್ಟಲುಗಳು ಸಾಲವು ಎಂಬ ಲೆಕ್ಕವು ಗಣಿತವೆಂಬ ಹೆಸರಿಲ್ಲದೆಯೇ ನಡೆಯುತ್ತಿದ್ದಿತು. ಆರನೆಯ ವರ್ಷಕ್ಕೆ ಬಂದ ಮಕ್ಕಳು ಮನೆಗೆ ಆಹಾರವು ಎಲ್ಲಿಂದ ಬರುತ್ತದೆಂಬುದನ್ನು ಹಿಡಿದು ಹೊರಟು, ಮರದ ತುಂಡುಗಳಿಂದ ರೈತನ ಮನೆಯನ್ನೂ ಕೊಟ್ಟಿಗೆಯನ್ನೂ ಕಟ್ಟಿ, ಸ್ವಲ್ಪ ನೆಲದಲ್ಲಿ ತಾವೇ ಗೋಧಿಯನ್ನು ಬಿತ್ತಿದರು. ಈ ಪಾಠಶಾಲೆಗೆ ಬೇಕಾದ ಮೇಜುಗಳನ್ನು ಹುಡುಕಲು ಡ್ಯೂಯಿಯು ಊರೆಲ್ಲ ಅಲೆದನಂತೆ. ಕಡೆಗೆ ಒಬ್ಬ ವರ್ತಕನು, ಮಕ್ಕಳು ಕೆಲಸಮಾಡುವ ಮೇಜುಗಳು ತನ್ನಲ್ಲಿಲ್ಲವೆಂದೂ ಇರುವವೆಲ್ಲ ಕುಳಿತು ಕೇಳುವುದಕ್ಕಾದವುಗಳೆಂದೂ ತಿಳಿಸಿದನಂತೆ. ಈ ಸಂಗತಿಯನ್ನು ಡ್ಯೂಯಿಯು ೧೮೯೯ರಲ್ಲಿ ಮಕ್ಕಳ ಪೋಷಕರಿಗೆ ಮಾಡಿದ ಉಪನ್ಯಾಸಗಳಲ್ಲಿ ತಾನೇ ಹೇಳಿದ್ದಾನೆ. ಅಮರಕೋಶವನ್ನು ಮೇಜೇ ಇಲ್ಲದೆ ಜಗಲಿಯ ಮೇಲೆ ಕುಳಿತು ಕೇಳಿ ಕಲಿತ ಈ ಲೇಖಕನಿಗೆ, ಕೇಳುವುದನ್ನು ಇಷ್ಟು ಹಗುರವಾಗಿ ಕಾಣುವುದು ಪೂರ್ಣವಾಗಿ ಸಮ್ಮತವಲ್ಲ. ಶ್ರವಣವೂ ಒಂದು ಕರ್ಮವೇ. ಆದರೆ ಅದು ಎಂಟು ವರ್ಷದ ವಟುವಿಗೆ ಹೇಳಿದ ಮಾತು, ನಾಲ್ಕು ವರ್ಷದ ಶಿಶುವಿಗಲ್ಲ.

ಈ ವಿಷಯದಲ್ಲಿ ನಮ್ಮ ಶಾಸ್ತ್ರಗಳ ಮೌನವು ಅರ್ಥವತ್ತಾಗಿದೆ. ಚೌಲವಾದ ಮೇಲೆ ಲಿಪಿಯನ್ನೂ ಸಂಖ್ಯಾನವನ್ನೂ ಕಲಿಯಬೇಕೆಂದು ಕೌಟಿಲ್ಯನ ವಿಧಿ; ರಘುವಿನ ಬಾಲ್ಯವನ್ನು ವರ್ಣಿಸುವಾಗ ಕಾಳಿದಾಸನೂ ಇದೇ ಕ್ರಮವನ್ನು ಅನುಸರಿಸಿದ್ದಾನೆ. ಅದಕ್ಕೆ ಹಿಂದಿನ ವರ್ಷಗಳಲ್ಲಿ ಲಾಲನೆಯ ಹೊರತು ಮತ್ತೇನನ್ನೂ ವಿಧಿಸಿದಂತೆ ಕಾಣುವುದಿಲ್ಲ. ಇದಕ್ಕೆ ಕಾರಣವು ಉಪೇಕ್ಷೆಯಲ್ಲ. ಬೀಸುವುದು, ನೂಲುವುದು, ಕರೆಯುವುದು, ಬಿತ್ತುವುದು ಎಲ್ಲವೂ ಮನೆಯ ಅಂಗಳದಲ್ಲಿಯೇ ನಡೆಯುತ್ತಿದ್ದಾಗ ಶಿಶುವಿಗೆ ಬೇರೆ ಪಾಠಶಾಲೆಯೇಕೆ? ಕಾರ್ಖಾನೆಗಳು ಈ ಕೆಲಸಗಳನ್ನು ಮನೆಯಿಂದ ಎತ್ತಿಕೊಂಡು ಹೋದುವೆಂದೂ, ಬರಿದಾದ ಮನೆಯು ಮಗುವಿಗೆ ಕಲಿಸಲಾರದುದನ್ನು ಪಾಠಶಾಲೆಯು ಕಲಿಸಬೇಕೆಂದೂ ಡ್ಯೂಯಿಯು ವಾದಿಸಿದುದು ಈ ಹಿನ್ನೆಲೆಯಲ್ಲಿಯೇ. ಆದುದರಿಂದ ಅವನ ಉಪಪ್ರಾಥಮಿಕ ವರ್ಗವು ಹೊಸದೊಂದರ ಆವಿಷ್ಕಾರವೆನ್ನುವುದಕ್ಕಿಂತ ಕಳೆದುಹೋದ ಅಂಗಳವೊಂದರ ಪುನರ್ನಿರ್ಮಾಣವೆಂದರೆ ಹೆಚ್ಚು ಸರಿಯಾದೀತು.

ಈ ಪಾಠಶಾಲೆಯ ಅಂತ್ಯವು ಆಡಳಿತದ ಜಗಳ, ವಿಸ್ತರಿಸುವುದು ಅನಾವಶ್ಯಕ. ಕರ್ನಲ್ ಪಾರ್ಕರನ ಶಿಕ್ಷಣಸಂಸ್ಥೆಯು ೧೯೦೧ರಲ್ಲಿ ವಿಶ್ವವಿದ್ಯಾನಿಲಯದೊಡನೆ ಸೇರಿತು. ೧೯೦೩ರಲ್ಲಿ ಎರಡು ಪಾಠಶಾಲೆಗಳೂ ಒಂದಾದುವು. ಮುಖ್ಯೋಪಾಧ್ಯಾಯಿನಿಯಾಗಿದ್ದ ತನ್ನ ಪತ್ನಿಯ ಸ್ಥಾನದ ವಿಷಯದಲ್ಲಿ ವಿವಾದವೇಳಲು ಡ್ಯೂಯಿಯು ೧೯೦೪ರಲ್ಲಿ ರಾಜೀನಾಮೆಯನ್ನಿತ್ತು ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋದನು. ಭೀಮರಾವ್ ಅಂಬೇಡ್ಕರರು ೧೯೧೩ರಿಂದ ಮುಂದಕ್ಕೆ ಅವನಲ್ಲಿ ವ್ಯಾಸಂಗಮಾಡಿದುದು ಅಲ್ಲಿಯೇ. ಷಿಕಾಗೊದ ಪಾಠಶಾಲೆಯಾದರೋ ನಿಲ್ಲಲಿಲ್ಲ. ೧೯೧೬ರಲ್ಲಿ ಅಲ್ಲಿನ ಅಧ್ಯಾಪಕರ ಪತ್ನಿಯರು ಸರದಿಯ ಮೇಲೆ ತಾವೇ ನೋಡಿಕೊಳ್ಳುವ ಸಹಕಾರಿ ಶಿಶುಶಾಲೆಯೊಂದನ್ನು ಹೂಡಿದರು. ಪ್ರಯೋಗ ಪಾಠಶಾಲೆಯು ಇಂದಿಗೂ ಮೂರು ವರ್ಷದ ಶಿಶುಗಳಿಂದ ಹಿಡಿದು ಪ್ರೌಢಶಾಲೆಯ ಕೊನೆಯವರೆಗೆ ನಡೆಯುತ್ತಿದೆ. ಚಿಕ್ಕವರಿಗೆ ೨೦೧೩ರಲ್ಲಿ ಪ್ರತ್ಯೇಕ ಕಟ್ಟಡವಾಯಿತು.

ಐಯೊವ ಸಂಸ್ಥಾನದ ಕಥೆಯು ಬೇರೆ ಸ್ವರೂಪದ್ದು. ಮುಸುಕಿನ ಜೋಳದ ತಳಿಗೂ ಹಂದಿಯ ತಳಿಗೂ ಸರ್ಕಾರವು ಸಂಶೋಧನಾಲಯಗಳನ್ನು ನಡೆಸುವಾಗ ಮನುಷ್ಯರ ಮಕ್ಕಳಿಗೆ ಏಕೆ ಇರಬಾರದೆಂದು ಕೋರಾ ಬಸ್ಸಿ ಹಿಲ್ಲಿಸ್ ಎಂಬ ಗೃಹಿಣಿಯು ವರ್ಷಗಟ್ಟಲೆ ವಾದಿಸಿದ ಮೇಲೆ, ೧೯೧೭ರಲ್ಲಿ ಅಲ್ಲಿನ ಶಾಸನಸಭೆಯು ವರ್ಷಕ್ಕೆ ೨೫,೦೦೦ ಡಾಲರುಗಳನ್ನು ಕೊಟ್ಟು ವಿಶ್ವವಿದ್ಯಾನಿಲಯದಲ್ಲಿ ಶಿಶುಕಲ್ಯಾಣ ಸಂಶೋಧನಾಲಯವನ್ನು ಸ್ಥಾಪಿಸಿತು. ೧೯೨೧ರಲ್ಲಿ ಅದರ ಅಂಗವಾಗಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಶಿಶುಶಾಲೆಯು ತೆರೆಯಿತು. ಇದು ನಿಜವಾಗಿ ಅಳತೆಯ ಶಾಲೆ. ಎತ್ತರ, ತೂಕ, ಮಾತು, ಬುದ್ಧಿ ಎಲ್ಲವೂ ಇಲ್ಲಿ ಲೆಕ್ಕಕ್ಕೆ ಬಂದುವು. ಶಿಶುಶಾಲೆಗೆ ಬಂದ ಮಕ್ಕಳ ಬುದ್ಧಿಲಬ್ಧಾಂಕವು ಏರುವುದನ್ನು ವೆಲ್ಮನ್ ಎಂಬ ವಿದುಷಿಯು ಕಂಡುಕೊಂಡಳು. ಬುದ್ಧಿಯು ಹುಟ್ಟಿನಿಂದಲೇ ನಿಯತವಾದುದೆಂಬುದು ಆಗಿನ ಪಂಡಿತಮತವಾಗಿದ್ದುದರಿಂದ ಸ್ಟ್ಯಾನ್‌ಫರ್ಡಿನ ಟರ್ಮನ್ ಮುಂತಾದವರು ಈ ಫಲಿತಾಂಶವನ್ನು ಕಟುವಾಗಿ ಖಂಡಿಸಿದರು.

ಪ್ರಾಧ್ಯಾಪಕರ ಮತ್ತು ವರ್ತಕರ ಮಕ್ಕಳಿಗೆ ಇದ್ದ ಈ ಅವಕಾಶವು ಅದೇ ಸಂಸ್ಥಾನದ ಡೇವನ್‌ಪೋರ್ಟ್ ಅನಾಥಾಲಯದ ಮಕ್ಕಳಿಗಿರಲಿಲ್ಲ. ಸಂಶೋಧಕರು ಅಲ್ಲಿಯೂ ಒಂದು ಶಿಶುಶಾಲೆಯನ್ನು ತೆರೆದು, ಮಕ್ಕಳಲ್ಲಿ ಒಂದು ಗುಂಪನ್ನು ಅದಕ್ಕೆ ಕಳುಹಿಸಿ, ಸರಿಸಮಾನವಾದ ಇನ್ನೊಂದು ಗುಂಪನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟರು. ಇದರ ವರದಿಯು ೧೯೩೮ರಲ್ಲಿ ಬಂದಿತು. ೧೯೩೯ರಲ್ಲಿ ಅದೇ ವಿಶ್ವವಿದ್ಯಾನಿಲಯದ ವಾಗ್ದೋಷಶಾಸ್ತ್ರ ವಿಭಾಗದವರು ಅದೇ ಅನಾಥಾಲಯದ ೨೨ ಮಕ್ಕಳನ್ನು ಆರಿಸಿ, ಸರಿಯಾಗಿ ಮಾತನಾಡುತ್ತಿದ್ದ ಕೆಲವರಿಗೂ ‘ನೀನು ತೊದಲುತ್ತೀಯೆ’ ಎಂದು ಹೇಳಿ ಹೇಳಿ ಪರಿಣಾಮವನ್ನು ನೋಡಿದರು. ಈ ವಿಷಯವು ಬಯಲಾಗಿ ವಿಶ್ವವಿದ್ಯಾನಿಲಯವು ಕ್ಷಮೆ ಕೇಳಿದುದು ೨೦೦೧ರಲ್ಲಿ. ಸಂಸ್ಥಾನವು ೯,೨೫,೦೦೦ ಡಾಲರುಗಳನ್ನು ತೆತ್ತು ವ್ಯಾಜ್ಯವನ್ನು ಪರಿಹರಿಸಿಕೊಂಡುದು ೨೦೦೭ರಲ್ಲಿ. ತಂದೆತಾಯಿಗಳಿದ್ದ ಮಗುವಿನ ಮೇಲೆ ಇಂತಹ ಪ್ರಯೋಗವನ್ನು ಯಾರೂ ಯೋಚಿಸುತ್ತಿರಲಿಲ್ಲವೆಂಬುದರಲ್ಲಿ ಈ ಲೇಖಕನಿಗೆ ಸಂದೇಹವಿಲ್ಲ. ಷಿಕಾಗೊದ ಪಾಠಶಾಲೆಯಲ್ಲಿ ಪ್ರಯೋಗವು ಮರ್ಯಾದೆಯನ್ನು ಮೀರದಿದ್ದುದಕ್ಕೆ ಡ್ಯೂಯಿಯ ಸೌಜನ್ಯವೊಂದೇ ಕಾರಣವಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಹಣವನ್ನು ಕೊಡುತ್ತಿದ್ದ ಪೋಷಕರೂ ಕಾರಣ.

ಆದರೂ ಐಯೊವದ ಸಂಶೋಧನೆಯನ್ನು ಇಷ್ಟಕ್ಕೆ ತಳ್ಳಿಹಾಕುವಂತಿಲ್ಲ. ಅತ್ಯಂತ ಬೆಲೆಯುಳ್ಳ ಜ್ಞಾನವು ಅಲ್ಲಿಂದಲೇ, ಅದೂ ಅಕಸ್ಮಾತ್ತಾಗಿ ಬಂದಿತು. ಹೆರಾಲ್ಡ್ ಸ್ಕೀಲ್ಸ್ ಎಂಬ ಮನಶ್ಶಾಸ್ತ್ರಜ್ಞನು ಅನಾಥಾಲಯದ ಇಬ್ಬರು ಹೆಣ್ಣು ಕೂಸುಗಳನ್ನು ಗುಣವಾಗದ ಜಡರೆಂದು ನಿರ್ಣಯಿಸಿ, ಮಂದಬುದ್ಧಿಯವರೆಂದು ಆಗ ಕರೆಯುತ್ತಿದ್ದವರ ಆಶ್ರಮಕ್ಕೆ ಕಳುಹಿಸಿದನು. ಕೆಲವು ತಿಂಗಳುಗಳ ಅನಂತರ ಅಲ್ಲಿಗೆ ಹೋದಾಗ ಕೂಸುಗಳು ಗುರುತು ಸಿಕ್ಕದಷ್ಟು ಚುರುಕಾಗಿದ್ದುವು. ಆಶ್ರಮದ ಹೆಂಗಸರು ಅವುಗಳನ್ನು ಎತ್ತಿ ಆಡಿಸಿದ್ದೇ ಅದಕ್ಕೆ ಕಾರಣವೆಂದು ಅವನು ಊಹಿಸಿ, ಒಟ್ಟು ೧೩ ಮಕ್ಕಳನ್ನು ಹೆಸರಿಗೆ “ಅತಿಥಿ”ಗಳೆಂದು ಹಾಗೆಯೇ ಕಳುಹಿಸಿದನು. ಹೆಚ್ಚುಕಡಮೆ ಪ್ರತಿಯೊಂದು ಮಗುವಿಗೂ ಅಲ್ಲಿ ಯಾರೋ ಒಬ್ಬಳು ತಾಯಾದಳು. ಅವುಗಳ ಬುದ್ಧಿಲಬ್ಧಾಂಕವು ಸರಾಸರಿ ಸುಮಾರು ೨೭ ಅಂಶಗಳು ಏರಿದುವು. ಅನಾಥಾಲಯದಲ್ಲಿಯೇ ಉಳಿದ ೧೨ ಮಕ್ಕಳದು ಸುಮಾರು ೨೬ ಅಂಶಗಳು ಇಳಿದುವು. ೧೯೩೯ರಲ್ಲಿ ಇದು ಪ್ರಕಟವಾದಾಗ ನಂಬಿದವರು ಅಲ್ಪ. ವಿದ್ವಾಂಸರು ಕೂಡಿ ನಡೆಸಿದ ಶಿಶುಶಾಲೆಗೆ ಸಾಧ್ಯವಾದುದು ಅಕ್ಷರವರಿಯದ ಆಶ್ರಮವಾಸಿನಿಯರಿಗೂ ಸಾಧ್ಯವಾಯಿತೆಂದರೆ ವಿದ್ವಾಂಸರಿಗೆ ರುಚಿಸದಿದ್ದುದು ಆಶ್ಚರ್ಯವಲ್ಲ.

ಸಂಶೋಧನಾಲಯವು ೧೯೭೪ರಲ್ಲಿ ಮುಚ್ಚಿತು. ಅದಕ್ಕೆ ಮೊದಲು, ೧೯೬೬ರಲ್ಲಿ, ಸ್ಕೀಲ್ಸನು ಆ ೨೫ ಮಂದಿಯನ್ನೂ ಹುಡುಕಿ ಅವರ ಮುಂದಿನ ಬಾಳನ್ನು ವರದಿಮಾಡಿದನು. ಆಶ್ರಮಕ್ಕೆ ಹೋಗಿದ್ದ ೧೩ ಮಂದಿಯಲ್ಲಿ ೧೧ ಮಂದಿಯು ದತ್ತುಹೋಗಿದ್ದರು. ಹದಿಮೂರು ಜನರೂ ಸ್ವಂತ ದುಡಿಮೆಯಿಂದಲೋ ಸಂಸಾರವನ್ನು ನಡೆಸಿಕೊಂಡೋ ಬಾಳುತ್ತಿದ್ದರು. ಹೋಲಿಕೆಗಾಗಿ ಉಳಿದವರಲ್ಲಿ ಒಬ್ಬನು ಎಳೆಯ ಪ್ರಾಯದಲ್ಲಿಯೇ ಆಶ್ರಮವೊಂದರಲ್ಲಿ ಸತ್ತಿದ್ದನು, ನಾಲ್ವರು ಇನ್ನೂ ಆಶ್ರಮಗಳಲ್ಲಿದ್ದರು, ಮಿಕ್ಕವರಲ್ಲಿ ಬಹುಮಂದಿಯು ಕೂಲಿಯವರು. ಅವರಲ್ಲಿ ಒಬ್ಬನದು ಮಾತ್ರ ಬೇರೆ ಬಾಳು. ಕಿವಿಯ ದೋಷವಿದ್ದುದರಿಂದ ಅವನನ್ನು ಕಿವುಡರ ಪಾಠಶಾಲೆಗೆ ಸೇರಿಸಿದ್ದರು; ಅಲ್ಲಿನ ಮೇಲ್ವಿಚಾರಕಿಯು ಅವನನ್ನು ಅಕ್ಕರೆಯಿಂದ ನೋಡಿಕೊಂಡಳು. ಅವನು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಗಾರನಾಗಿದ್ದನು.