ಬೂದಿಕೋಟೆ ಸೀಮೆಯ ಮನೆಗಳ ನೆಲಗಟ್ಟು

ಬೂದಿಕೋಟೆಯೆಂದೊಡನೆ ಇತಿಹಾಸಾಭ್ಯಾಸಿಗಳಿಗೆ ನೆನಪಾಗುವುದು ಅಲ್ಲಿಯ ಕೋಟೆ ಮತ್ತು ಹೈದರ್ ಅಲಿಯ ಜನ್ಮಸ್ಥಳವೆಂಬ ಪ್ರಸಿದ್ಧಿ. ಅರಸರ ಕೋಟೆಕೊತ್ತಲಗಳನ್ನು ಕುರಿತು ವಿಚಾರ ಮಾಡಿದಷ್ಟು ಪ್ರಜೆಗಳ ಮನೆಗಳನ್ನು ಕುರಿತು ನಾವು ವಿಚಾರ ಮಾಡಿಲ್ಲ. ಅದರಲ್ಲಿಯೂ ಕಾಲಡಿಯ ನೆಲವನ್ನು ದಾಖಲೆಯೆಂದು ಎಣಿಸುವುದು ವಿರಳ. ಹಳೆಯ ನೆಲವನ್ನು ಕಿತ್ತು ಹೊಸದನ್ನು ಹಾಸುವುದು ಸಾಮಾನ್ಯವಾಗಿರುವ ಈ ಕಾಲದಲ್ಲಿ, ಆ ದಾಖಲೆಯ ಸ್ವರೂಪವನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯ ಸಾಮಾನ್ಯರ ಮನೆಗಳಲ್ಲಿ ಬಹುಕಾಲ ಇದ್ದುದು ಮಣ್ಣಿನ ನೆಲ. ಮಣ್ಣು ತುಂಬಿ, ನೀರು ಚಿಮುಕಿಸಿ, ದಿಮ್ಮಿಸಿ ಗಟ್ಟಿಮಾಡಿ, ಮೇಲೆ ಸಗಣಿಯಿಂದ ಸಾರಿಸುತ್ತಿದ್ದರು. ಇದರ ಆಯುಷ್ಯ ಅಲ್ಪವೆಂದು ತೋರಿದರೂ, ಮತ್ತೆ ಮತ್ತೆ ಸಾರಿಸುವ ಕ್ರಮದಿಂದ ಅದು ಸದಾ ನವೀಕೃತವಾಗುತ್ತಿತ್ತು. ಆ ದುಡಿಮೆ ಬಹುಮಟ್ಟಿಗೆ ಹೆಂಗಸರದಾಗಿತ್ತೆಂಬುದನ್ನು ಮರೆಯಲಾಗದು.

ಅನುಕೂಲಸ್ಥರು ಚಪ್ಪಡಿ ಕಲ್ಲನ್ನು ಹಾಸಿಸಿದರು. ಕೋಲಾರದ ಬಂಡೆಗಳು ಇದಕ್ಕೆ ಒದಗಿದುವು. ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಹೊತ್ತಿಸಿ, ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸಿದರೆ, ಕಾದ ಮೇಲ್ಪದರವು ಹಿಗ್ಗಿ ಕೆಳಗಿನ ಶಿಲೆಯಿಂದ ಬೇರ್ಪಡುತ್ತದೆ; ಕಲ್ಲುಕುಟಿಗರು ಸುತ್ತಿಗೆಯಿಂದ ತಟ್ಟಿ, ಸದ್ದಿನಿಂದಲೇ ಪದರ ಎಲ್ಲಿಯವರೆಗೆ ಬಿಟ್ಟಿದೆಯೆಂದು ಅರಿಯುತ್ತಾರೆ. ಬೆಂಗಳೂರಿನಲ್ಲಿ ನಡೆಯುತ್ತಿದ್ದ ಈ ವಿಧಾನವನ್ನು ಎಚ್. ವಾರ್ತ್ ಎಂಬವರು 1895ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರ್ಣಿಸಿದರು.

1864ರಲ್ಲಿ ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗ ತೆರೆದ ಮೇಲೆ, ಬೌರಿಂಗ್‌ಪೇಟೆಯೆನಿಸಿದ್ದ ಇಂದಿನ ಬಂಗಾರಪೇಟೆಗೆ ದೂರದ ಸಾಮಗ್ರಿಗಳು ಬರುವ ದಾರಿಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಸಿಮೆಂಟು, ಅದಕ್ಕೆ ಬಣ್ಣ ಬೆರೆಸಿ ಕರಣೆಯಿಂದ ಉಜ್ಜಿ ನುಣುಪುಗೊಳಿಸಿದ ರೆಡ್ ಆಕ್ಸೈಡ್ ನೆಲ, ಶಹಾಬಾದು ಮತ್ತು ಕಡಪ ಕಲ್ಲು, ಮೊಸಾಯಿಕ್, ಅನಂತರ ಟೈಲ್ಸ್ ನಾಡಿನ ಮನೆಗಳನ್ನು ಹೊಕ್ಕುವು. ಹೀಗೆ ನೆಲದ ಪದರಗಳು ಮನೆಯ ಏಳ್ಗೆಯ ಕಾಲಾನುಕ್ರಮಣಿಕೆಯೂ ಆಗಿವೆ.

ಆದಕಾರಣ ಹೊಸ ನೆಲದ ಯೋಜನೆಯು ಹಳೆಯದರ ಪರಿಶೀಲನೆಯಿಂದ ಆರಂಭವಾಗಬೇಕೆಂಬುದು ನಮ್ಮ ಅಭಿಪ್ರಾಯ. ಇದರಲ್ಲಿ ಗೃಹಸ್ಥನ ಹಿತವೂ ಅಡಗಿದೆ. ಹಳೆಯದರ ಮೇಲೆಯೇ ಹೊಸದನ್ನು ಹಾಸಿದರೆ ನೆಲವೇರಿ ಹೊಸ್ತಿಲು ತಗ್ಗಾಗುತ್ತದೆ, ಬಾಗಿಲನ್ನು ಕತ್ತರಿಸಬೇಕಾಗುತ್ತದೆ, ಬಚ್ಚಲಿನ ಇಳಿಜಾರು ಕೆಡುತ್ತದೆ. ಮಣ್ಣಿನ ನೆಲದಿಂದ ತೇವವು ಆವಿಯಾಗಿ ಹೋಗುತ್ತಿತ್ತು. ನೀರು ಹೀರದ ಟೈಲ್ಸ್ ಅದನ್ನು ತಡೆದಾಗ ತೇವವು ಮಣ್ಣಿನ ಗೋಡೆಯ ಬುಡಕ್ಕೆ ಸರಿದು ಗೋಡೆಯನ್ನು ಸಡಿಲಿಸಬಲ್ಲುದು. ಹಿಂದಿನವರು ಬಡತನದಿಂದ ಮಾತ್ರವೇ ಮಣ್ಣನ್ನು ಆರಿಸಿದರೆನ್ನುವುದು ಪೂರ್ಣಸತ್ಯವಲ್ಲ.

ಇತಿಹಾಸದ ಹಿತ ಇನ್ನೊಂದಿದೆ. ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ವೀರಗಲ್ಲುಗಳೂ ದಾನಶಾಸನಗಳೂ ಇಷ್ಟು ವಿಪುಲವಾಗಿರುವ ಜಿಲ್ಲೆಯಲ್ಲಿ ನೆಲಕ್ಕೆ ಹಾಸಿದ ಕಲ್ಲೂ ಪರೀಕ್ಷಾರ್ಹ. ಬರಹವಿದ್ದ ಕಲ್ಲುಗಳು ಹಾಸುಗಲ್ಲಾಗಿಯೋ ಮೆಟ್ಟಿಲಾಗಿಯೋ ಮರುಬಳಕೆಯಾದ ನಿದರ್ಶನಗಳು ನಾಡಿನಲ್ಲಿ ಅನೇಕ. ಬರಹದ ಮುಖ ಕೆಳಗಾಗಿದ್ದರೆ ಅದು ಕಾಣುವ ಸಂದರ್ಭ ಒಂದೇ: ನೆಲವನ್ನು ಕೀಳುವ ದಿನ. ಅಂದು ಚಪ್ಪಡಿಯನ್ನು ಒಡೆದು ಜಲ್ಲಿಮಾಡಿದರೆ ಆ ನಷ್ಟ ತುಂಬಿಬಾರದು.

ಆದುದರಿಂದ ನೆಲ ಬದಲಿಸುವವರು ಮೊದಲು ಹಳೆಯ ನೆಲದ ಮಟ್ಟವನ್ನು ಗುರುತಿಸಿ, ಪದರಗಳನ್ನು ಅಳೆದು ಬರೆದಿಟ್ಟು, ಚಪ್ಪಡಿಗಳ ಎರಡೂ ಮುಖಗಳನ್ನು ತೊಳೆದು ನೋಡುವುದು ಉಚಿತ. ಇದಕ್ಕೆ ಬೇಕಾದುದು ಒಂದು ಹಗಲಿನ ತಾಳ್ಮೆ. ಸಾಮಾನ್ಯರ ಬಾಳಿಗೆ ತಾಮ್ರಪಟಗಳಿಲ್ಲ. ಅವರು ನಡೆದಾಡಿದ ನೆಲವೇ ಅವರ ಪರವಾಗಿ ಉಳಿದಿರುವ ಸಾಕ್ಷ್ಯ.