ಕೆಂಪು ಗೆರೆಯ ಪುಟ್ಟ ಪುಸ್ತಕ

ಗಾಳಿಪಟ ಹಾರಿಸಿ ಮಿಂಚಿನ ಗುಟ್ಟನ್ನು ಬಯಲಿಗೆಳೆದವನೆಂದು ಬೆಂಜಮಿನ್ ಫ್ರಾಂಕ್ಲಿನನ ಹೆಸರನ್ನು ಶಾಲೆಯ ಹುಡುಗರೂ ಬಲ್ಲರು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದವರಲ್ಲಿ ಒಬ್ಬನೆಂದು ಚರಿತ್ರೆ ಓದಿದವರು ಬಲ್ಲರು. ಅವನು ಬಹುಕಾಲ ಜೇಬಿನಲ್ಲಿಟ್ಟುಕೊಂಡು ತಿರುಗಿದ ಒಂದು ಲೆಕ್ಕದ ಪುಸ್ತಕದ ಸಂಗತಿ ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅದು ಅವನ ತಪ್ಪುಗಳ ಕಿರ್ದಿ. ಈಗ ನಮ್ಮ ಕೈಯ ಫೋನೇ ನಾವಿಟ್ಟ ಹೆಜ್ಜೆಯನ್ನೂ ಮಾಡಿದ ನಿದ್ರೆಯನ್ನೂ ಎಣಿಸಿ ಒಪ್ಪಿಸುತ್ತದೆ. ಮುಂಜಾನೆ ಐದಕ್ಕೆ ಏಳುವುದು ಹೇಗೆಂದು ಕಲಿಸುವ ಪುಸ್ತಕಗಳು ಬಿಸಿದೋಸೆಯಂತೆ ಖರ್ಚಾಗುತ್ತವೆ. ಈ ಎಣಿಕೆಯ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೊರಟರೆ ಫಿಲಡೆಲ್ಫಿಯ ನಗರದ ಒಂದು ಅಚ್ಚುಕೂಟದ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಫ್ರಾಂಕ್ಲಿನನು 1706ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದನು. ತಂದೆ ಮೇಣದಬತ್ತಿ, ಸಾಬೂನು ಮಾಡಿ ಮಾರುವವನು. ಹದಿನೇಳು ಮಕ್ಕಳಲ್ಲಿ ಇವನು ಹದಿನೈದನೆಯವನು. ಶಾಲೆಯ ಭಾಗ್ಯ ಎರಡೇ ವರ್ಷ. ಹನ್ನೆರಡಕ್ಕೆ ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಸೇರಿದ ಹುಡುಗನು ಬರೆವಣಿಗೆಯನ್ನು ತಾನೇ ಕಲಿತ ಬಗೆ ನೋಡಿ: ‘ಸ್ಪೆಕ್ಟೇಟರ್’ ಪತ್ರಿಕೆಯ ಒಂದು ಪ್ರಬಂಧವನ್ನು ಓದಿ, ವಾಕ್ಯಕ್ಕೊಂದರಂತೆ ಸೂಚನೆ ಗುರುತುಹಾಕಿಕೊಂಡು, ಕೆಲವು ದಿನ ಬಿಟ್ಟು, ಮೂಲವನ್ನು ನೋಡದೆ ತಾನೇ ಬರೆದು ಹೋಲಿಸುವುದು. ಕೆಲವು ಸಲ ಗದ್ಯವನ್ನು ಪದ್ಯಮಾಡಿ, ಅದು ಮರೆತ ಮೇಲೆ ಪದ್ಯವನ್ನು ಮತ್ತೆ ಗದ್ಯಕ್ಕೆ ತಿರುಗಿಸುವುದು. ಯಾವ ಗುರುವೂ ಇಷ್ಟು ಕಠಿಣವಾದ ಪಾಠ ಹೇಳಲಾರನು.

1723ರಲ್ಲಿ ಅಣ್ಣನಲ್ಲಿ ಜಗಳವಾಡಿ ಫಿಲಡೆಲ್ಫಿಯಕ್ಕೆ ಓಡಿಹೋದ ಇವನು ಕೆಲವು ವರ್ಷಗಳಲ್ಲೇ ಸ್ವಂತ ಅಚ್ಚುಕೂಟದ ಯಜಮಾನನಾದನು. ಕೊಂಡ ಕಾಗದವನ್ನು ತಳ್ಳುವ ಗಾಡಿಯಲ್ಲಿ ಹೇರಿ, ನಡುಬೀದಿಯಲ್ಲಿ ತಾನೇ ತಳ್ಳಿಕೊಂಡು ಮನೆಗೆ ತರುತ್ತಿದ್ದನಂತೆ. ಕಷ್ಟಪಟ್ಟು ದುಡಿಯುವುದು ಒಂದು, ದುಡಿಯುವವನೆಂದು ಊರವರಿಗೆ ಕಾಣಿಸುವುದು ಇನ್ನೊಂದು. ವ್ಯಾಪಾರಿಗೆ ಎರಡೂ ಬೇಕೆಂದು ಅವನು ಆತ್ಮಚರಿತ್ರೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಈ ಬಿಚ್ಚುಮನಸ್ಸಿನಿಂದಲೇ ಅವನ ಮೇಲೆ ಕೋಪ ಬರುವುದಿಲ್ಲ.

ಇಂಥವನಿಗೆ ಮೂವತ್ತರ ಆಸುಪಾಸಿನಲ್ಲಿ, ತಪ್ಪೇ ಮಾಡದೆ ಬದುಕಬೇಕೆಂಬ ಹಂಬಲ ಹುಟ್ಟಿತು. ಸರಿಯಾವುದು ತಪ್ಪುಯಾವುದು ಗೊತ್ತಿದೆ. ಹಾಗಿದ್ದಮೇಲೆ ಸದಾ ಸರಿಯನ್ನೇ ಮಾಡಲು ಏನಡ್ಡಿ? ಒಂದು ದೋಷದ ಮೇಲೆ ಕಣ್ಣಿಟ್ಟಿದ್ದಾಗ ಇನ್ನೊಂದು ಹಿಂದಿನಿಂದ ಬಂದು ಕೆಡವುತ್ತದೆಂದು ಬೇಗನೆ ತಿಳಿಯಿತು. ಆಗ ಗುಣಗಳಿಗೆ ಹೆಸರಿಟ್ಟು ಪಟ್ಟಿಮಾಡಿದನು. ನಮ್ಮ ಹಿರಿಯರು ಅರಿಷಡ್ವರ್ಗವೆಂದು ಆರು ವೈರಿಗಳಿಗೆ ನಿಲ್ಲಿಸಿದರು. ಅಚ್ಚುಕೂಟದ ಯಜಮಾನನಿಗೆ ಗುಣಗಳೇ ಹದಿಮೂರು ಬೇಕಾದವು. ಊಟ ಪಾನಗಳಲ್ಲಿ ಮಿತಿ, ಮೌನ, ಅಚ್ಚುಕಟ್ಟು, ದೃಢಸಂಕಲ್ಪ, ಮಿತವ್ಯಯ, ದುಡಿಮೆ, ನಿಷ್ಕಪಟ, ನ್ಯಾಯ, ಸಂಯಮ, ಶುಚಿ, ಶಾಂತಿ, ಶೀಲ, ವಿನಯ. ಕ್ರಮಕ್ಕೂ ಕಾರಣವಿತ್ತು: ಮೊದಲು ಮಿತಿ, ಏಕೆಂದರೆ ತಲೆ ತಿಳಿಯಾಗಿದ್ದರೆ ಮಿಕ್ಕವನ್ನು ಕಾಯಬಹುದು; ಆಮೇಲೆ ಮೌನ, ಏಕೆಂದರೆ ಶ್ಲೇಷೆ ಹೊಡೆದು ಹರಟುವ ಚಪಲ ಅವನಿಗೆ ವಿಪರೀತವಾಗಿತ್ತು.

ಪುಟ್ಟ ಪುಸ್ತಕವೊಂದರಲ್ಲಿ ಗುಣಕ್ಕೊಂದು ಪುಟ. ಕೆಂಪು ಶಾಯಿಯಲ್ಲಿ ಉದ್ದಕ್ಕೆ ವಾರದ ಏಳು ದಿನಗಳ ಮನೆ, ಅಡ್ಡಕ್ಕೆ ಹದಿಮೂರು ಗುಣಗಳ ಗೆರೆ. ರಾತ್ರಿ ಮಲಗುವ ಮುನ್ನ ದಿನದ ತಪ್ಪುಗಳನ್ನು ನೆನೆದು ಆಯಾ ಮನೆಯಲ್ಲಿ ಕರಿಯ ಚುಕ್ಕೆ ಇಡಬೇಕು. ಒಂದು ವಾರಕ್ಕೆ ಒಂದೇ ಗುಣದ ಮೇಲೆ ನಿಗಾ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ತೋಟವನ್ನು ಒಮ್ಮೆಗೇ ಕಿತ್ತು ಹಸನು ಮಾಡಲಾಗದು, ಪಾತಿಪಾತಿಯಾಗಿ ಕಳೆ ಕೀಳಬೇಕೆಂದು ಅವನ ವಾದ. ಸಂಗಡವೇ ದಿನದ ವೇಳಾಪಟ್ಟಿ: ಐದಕ್ಕೆ ಏಳುವುದು, ಈ ದಿನ ಏನು ಒಳಿತು ಮಾಡಲಿ ಎಂದು ತನ್ನನ್ನೇ ಕೇಳಿಕೊಳ್ಳುವುದು, ಎಂಟರಿಂದ ಕೆಲಸ, ನಡುಹಗಲು ಓದು, ಲೆಕ್ಕ, ಊಟ, ಸಂಜೆ ಸಂಗೀತವೋ ಮಾತುಕತೆಯೋ, ಹತ್ತಕ್ಕೆ ನಿದ್ರೆ.

ನಡೆಯಿತೇ? ತಾನೆಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ತಪ್ಪುಗಳಿರುವುದು ಕಂಡು ಅವನೇ ಬೆರಗಾದನು. ಹೊಸ ಸುತ್ತಿಗಾಗಿ ಹಳೆಯ ಚುಕ್ಕೆಗಳನ್ನು ಚಾಕುವಿನಿಂದ ಕೆರೆದು ಕೆರೆದು ಕಾಗದ ತೂತುಬಿದ್ದಿತು. ಆಗ ಪಟ್ಟಿಯನ್ನು ದಂತದ ಹಾಳೆಗಳಿಗೆ ಇಳಿಸಿದನು; ಗೆರೆ ಶಾಶ್ವತವಾದ ಕೆಂಪು, ಚುಕ್ಕೆ ಸೀಸದ ಕಡ್ಡಿಯದು, ಒದ್ದೆ ಸ್ಪಂಜಿನಿಂದ ಒರಸಿದರೆ ಮಾಯ. ಎಲ್ಲಕ್ಕಿಂತ ಕಾಡಿದ್ದು ಅಚ್ಚುಕಟ್ಟು. ಸಾಮಾನು, ಕಾಗದ, ವೇಳೆ — ಯಾವುದನ್ನೂ ತನ್ನ ಜಾಗದಲ್ಲಿ ಇಡುವುದು ಅವನಿಂದ ಆಗಲಿಲ್ಲ. ನೆನಪು ಚೆನ್ನಾಗಿದ್ದುದರಿಂದ ಹುಡುಗತನದಿಂದಲೂ ಅದರ ಅಭ್ಯಾಸವೇ ಬೇಕಾಗಿರಲಿಲ್ಲವಂತೆ. ಈ ಸೋಲನ್ನು ಹೇಳುವಾಗ ಅವನು ಒಂದು ಕಥೆ ಹೇಳುತ್ತಾನೆ. ಒಬ್ಬನು ಕಮ್ಮಾರನಲ್ಲಿ ಕೊಡಲಿ ಕೊಂಡು, ಬಾಯಿ ಹೊಳೆಯುವಂತೆಯೇ ಮೈಯೆಲ್ಲ ಹೊಳೆಯಬೇಕೆಂದನು. ಆಗಲಿ, ನೀನು ಸಾಣೆಚಕ್ರ ತಿರುಗಿಸು ಎಂದನು ಕಮ್ಮಾರ. ಅವನು ಕೊಡಲಿಯ ಅಗಲವನ್ನು ಕಲ್ಲಿಗೆ ಒತ್ತಿಹಿಡಿದರೆ ಇವನಿಗೆ ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಯಿತು. ಮತ್ತೆ ಮತ್ತೆ ಬಂದು ನೋಡಿ ಕೊನೆಗೆ, ಇದ್ದಹಾಗೆಯೇ ಕೊಟ್ಟುಬಿಡು ಎಂದನು. ಇನ್ನೂ ಚುಕ್ಕೆಗಳು ಇವೆಯಲ್ಲ ಎಂದರೆ, ನನಗೆ ಚುಕ್ಕೆಯ ಕೊಡಲಿಯೇ ಇಷ್ಟವೆಂದು ಹೊತ್ತುಕೊಂಡು ನಡೆದನಂತೆ. ಸಂಕಲ್ಪಮಾಡಿ ಸೋತವರೆಲ್ಲರ ಕಥೆ ಇದರಲ್ಲಿ ಇದೆ. ಈ ಲೇಖಕನ ಮನೆಯಲ್ಲಿಯೂ ಇಂಥ ಕೊಡಲಿಗಳು ನಾಲ್ಕಾರು ಬಿದ್ದಿವೆ.

ಮೊದಲ ಪಟ್ಟಿಯಲ್ಲಿ ವಿನಯವಿರಲಿಲ್ಲ. ನಿನ್ನನ್ನು ಜನ ಗರ್ವಿಷ್ಠನೆನ್ನುತ್ತಾರೆಂದು ಕ್ವೇಕರ್ ಪಂಥದ ಗೆಳೆಯನೊಬ್ಬನು ಉದಾಹರಣೆ ಸಹಿತ ತೋರಿಸಿದ ಮೇಲೆ ಅದು ಹದಿಮೂರನೆಯದಾಗಿ ಸೇರಿತು. ಖಂಡಿತ, ನಿಸ್ಸಂದೇಹ ಎಂಬ ಮಾತುಗಳನ್ನು ಬಿಟ್ಟು, ನನಗೆ ಹೀಗೆ ತೋರುತ್ತದೆ ಎನ್ನಲು ಕಲಿತನು. ವಿನಯದ ತೋರಿಕೆ ಬಂದಿತು, ತಿರುಳು ಅಷ್ಟಾಗಿ ಬರಲಿಲ್ಲವೆಂದು ತೀರ್ಪನ್ನೂ ತಾನೇ ಬರೆದನು.

ಈ ಪಟ್ಟಿ ಪ್ರಪಂಚವನ್ನೆಲ್ಲ ಸುತ್ತಿತು. ಯುವಕ ಟಾಲ್‌ಸ್ಟಾಯ್ ಫ್ರಾಂಕ್ಲಿನನ ಹೆಸರಿನಲ್ಲೇ ತಪ್ಪುಗಳ ದಿನಚರಿ ಇಟ್ಟನು. ಜರ್ಮನಿಯ ಮ್ಯಾಕ್ಸ್ ವೇಬರ್ 1904-05ರಲ್ಲಿ ಬಂಡವಾಳಶಾಹಿಯ ಮನೋಧರ್ಮಕ್ಕೆ ಇವನ ಬರೆಹಗಳನ್ನೇ ಮಾದರಿಯಾಗಿ ಹಿಡಿದನು. ಇಂಗ್ಲಿಷ್ ಕಾದಂಬರಿಕಾರ ಡಿ. ಎಚ್. ಲಾರೆನ್ಸ್ 1923ರಲ್ಲಿ, ಮನುಷ್ಯನ ಆತ್ಮಕ್ಕೆ ಬೇಲಿ ಹಾಕಿದವನೆಂದು ಇವನನ್ನು ಹಿಗ್ಗಾಮುಗ್ಗಾ ಜರೆದು, ಅದೇ ಹದಿಮೂರು ಹೆಸರುಗಳಿಗೆ ತನ್ನದೇ ಅರ್ಥ ಬರೆದನು. ಲಾರೆನ್ಸನ ಸಿಟ್ಟಿನಲ್ಲಿ ಸತ್ಯವಿದೆಯಾದರೂ, ಕೊಡಲಿಯ ಕಥೆಯ ನಗೆ ಅವನ ಕಿವಿಗೆ ಬೀಳಲಿಲ್ಲವೆಂದು ನಮ್ಮ ಅಭಿಪ್ರಾಯ.

ನಮ್ಮನ್ನು ಕಾಡುವುದು ಬೇರೆ ಸಂಗತಿ. ಆ ಕೆಂಪು ಮನೆಗಳಲ್ಲಿ ಯಾವ ಚುಕ್ಕೆಗೆ ಜಾಗವಿರಲಿಲ್ಲ? 1736ರಲ್ಲಿ ನಾಲ್ಕು ವರ್ಷದ ಮಗ ಫ್ರಾನ್ಸಿಸ್ ಸಿಡುಬಿನಿಂದ ತೀರಿಕೊಂಡನು. ಆಗಿನ ಪದ್ಧತಿಯಂತೆ ಸಿಡುಬು ಹಾಕಿಸದೆ ಹೋದೆನಲ್ಲಾ ಎಂಬ ಕೊರಗು ಮುದುಕನಾದರೂ ಆರಲಿಲ್ಲ. ಮಾಡದೆ ಬಿಟ್ಟ ಕೆಲಸಕ್ಕೆ ಯಾವ ಪುಟ? ನ್ಯಾಯದ ಪುಟವಿದ್ದ ಮನೆಯಲ್ಲೇ ಗುಲಾಮರಿದ್ದರು. ಗುಲಾಮರ ಮಾರಾಟದ ಜಾಹೀರಾತು ಅವನ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. 1757ರಲ್ಲಿ ತಂದೆಯೂ ದೊಡ್ಡ ಮಗ ವಿಲಿಯಮನೂ ಲಂಡನ್ನಿಗೆ ಹೋದಾಗ ಪೀಟರ್, ಕಿಂಗ್ ಎಂಬ ಇಬ್ಬರನ್ನು ಕರೆದೊಯ್ದರು. ಕಿಂಗ್ ತಪ್ಪಿಸಿಕೊಂಡು ಓಡಿದನು. ಹುಡುಕಿದಾಗ ಸಫೊಕ್ ಪ್ರಾಂತದ ಒಬ್ಬ ಮಹಿಳೆಯ ಬಳಿ ಇದ್ದನು. ಆಕೆ ಅವನಿಗೆ ಓದುಬರಹ, ಪಿಟೀಲು, ಕೊಂಬುವಾದ್ಯ ಕಲಿಸುತ್ತಿದ್ದಳು. ಅಣ್ಣನಿಂದ ಓಡಿಹೋಗಿ ಮನುಷ್ಯನಾದವನಿಗೆ ಈ ಸುದ್ದಿ ಓದಿ ಏನನ್ನಿಸಿತೋ. ಅವನು ಬದಲಾದದ್ದು ನಿಧಾನವಾಗಿ: 1787ರಲ್ಲಿ ಪೆನ್ಸಿಲ್ವೇನಿಯದ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದನು, 1790ರಲ್ಲಿ, ಸಾಯುವುದಕ್ಕೆ ಕೆಲವೇ ವಾರ ಮೊದಲು, ಆ ಪದ್ಧತಿಯ ವಿರುದ್ಧ ಅಮೆರಿಕದ ಕಾಂಗ್ರೆಸ್ಸಿಗೆ ಹೋದ ಮನವಿಗೆ ರುಜು ಹಾಕಿದನು.

ಮಡದಿ ಡೆಬೊರಾ ಅಂಗಡಿಯಲ್ಲಿ ಕೂತು, ಕರಪತ್ರ ಮಡಿಸಿ ಹೊಲಿದು, ಗಂಡನ ಏಳಿಗೆಗೆ ಹೆಗಲು ಕೊಟ್ಟವಳು. ಸಮುದ್ರ ದಾಟಲು ಆಕೆ ಒಪ್ಪಲಿಲ್ಲ. 1764ರಲ್ಲಿ ಮತ್ತೆ ಲಂಡನ್ನಿಗೆ ಹೋದ ಗಂಡನ ಮುಖವನ್ನು ಆಕೆ ತಿರುಗಿ ಕಾಣಲಿಲ್ಲ. 1774ರ ಡಿಸೆಂಬರಿನಲ್ಲಿ ಪ್ರಾಣಬಿಟ್ಟಳು. ವಿಲಿಯಮ್ ವಿವಾಹದ ಹೊರಗೆ ಹುಟ್ಟಿದ ಮಗ. ತಂದೆಯೇ ಸಾಕಿ ಬೆಳೆಸಿದನು. ನ್ಯೂ ಜೆರ್ಸಿಯ ಗವರ್ನರನಾಗಿದ್ದ ಅವನು ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ದೊರೆಯ ಪಕ್ಷ ಹಿಡಿದನು. 1771ರಲ್ಲಿ ಆತ್ಮಚರಿತ್ರೆಯನ್ನು ತಂದೆ ಆರಂಭಿಸಿದ್ದು ಇದೇ ಮಗನನ್ನು ಸಂಬೋಧಿಸಿ.

ಹದಿಮೂರು ಗುಣಗಳ ಅಧ್ಯಾಯವನ್ನು ಅವನು ಬರೆದದ್ದು 1784ರಲ್ಲಿ, ಪ್ಯಾರಿಸ್ ಬಳಿಯ ಪಾಸಿಯಲ್ಲಿ, ತನ್ನ 78ರ ವಯಸ್ಸಿನಲ್ಲಿ. ಅಲ್ಲಿ ಆ ಪುಟ್ಟ ಪುಸ್ತಕವನ್ನು ಮುಟ್ಟಿ ನೋಡಿದೆವೆಂದು ಫ್ರೆಂಚ್ ವೈದ್ಯ ಕಬಾನಿಸ್ ಬರೆದಿದ್ದಾನೆ. ಅದೇ ವರ್ಷದ ಬೇಸಿಗೆಯಲ್ಲಿ ವಿಲಿಯಮನ ಕಾಗದ ಬಂದಿತು. ಹಿಂದಿನದನ್ನು ಮರೆತು ಒಂದಾಗೋಣವೆಂದು. ಒಬ್ಬನೇ ಮಗ ತನ್ನನ್ನು ಕೈಬಿಟ್ಟು ಎದುರು ನಿಂತದ್ದಕ್ಕಿಂತ ಬೇರೊಂದು ನೋವನ್ನು ತಾನು ಕಂಡಿಲ್ಲವೆಂದು ತಂದೆ ಉತ್ತರಿಸಿದನು. ಮರುವರ್ಷ ಊರಿಗೆ ಹಿಂದಿರುಗುವಾಗ ಇಂಗ್ಲೆಂಡಿನ ಸೌತಾಂಪ್ಟನ್ ರೇವಿನಲ್ಲಿ ತಂದೆ ಮಗ ಕೆಲವು ದಿನ ಸೇರಿದರು. ಜಮೀನಿನ ಮಾರಾಟ, ಹಳೆಯ ಸಾಲದ ಲೆಕ್ಕ ಇತ್ಯರ್ಥವಾದವು. ಹಡಗು ಹೊರಟಿತು. ಮತ್ತೆ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.