ತಲೆಯಿಲ್ಲದ ತೇರು

ಹೊಸ ಬಾಡಿಗೆ ಮನೆಗೆ ಬಂದಾಗ ಸೋಫಾ ಹಿಂದಿನ ಖಾಲಿ ಗೋಡೆಗೆ ಅಂತ ಹಂಪಿ ಕಲ್ಲಿನ ರಥದ ದೊಡ್ಡ ಕ್ಯಾನ್ವಾಸ್ ಪ್ರಿಂಟ್ ತರಿಸಿದೆ. ಊರಿಂದ ಬಂದ ಅಮ್ಮ ಅದನ್ನ ಸ್ವಲ್ಪ ಹೊತ್ತು ನೋಡಿ, “ತೇರು ಅಂತೀಯ, ಮೇಲೆ ಗೋಪುರಾನೇ ಇಲ್ವಲ್ಲೋ?” ಅಂದಳು.

“ಅದು ಇರೋದೇ ಹಾಗಮ್ಮ. ಐವತ್ತರ ನೋಟಲ್ಲೂ ಹಾಗೇ ಇದೆ ನೋಡು” ಅಂತ ನಕ್ಕುಬಿಟ್ಟೆ.

ನಗಬಾರದಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಫೋಟೊಗಳನ್ನು ತೆಗೆದಿದ್ದ. ಫಿಲ್ಮ್ ಇನ್ನೂ ಬಂದಿರದ ಕಾಲ. ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಅವನ ಚಿತ್ರದಲ್ಲಿ ಇದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಇದೆ! ಇರಲೇಬೇಕಲ್ವಾ? ರಥ ಅಂತ ನಾವು ಕರೆಯೋದು ವಿಠ್ಠಲನಿಗೆ ಎದುರಾಗಿರುವ ಗರುಡನ ಗುಡಿ. ಆಮೇಲೆ ಯಾವಾಗಲೋ ಆ ಶಿಖರವನ್ನು ತೆಗೆದುಹಾಕಿದರು. ಮುಂದಿರುವ ಆನೆಗಳೂ ಮೊದಲಿನವಲ್ಲ. ಅವುಗಳ ಹಿಂದೆ ಬಗ್ಗಿ ನೋಡಿದರೆ, ಹಿಂದಿದ್ದ ಕುದುರೆಗಳ ಬಾಲ, ಕಾಲು ಇನ್ನೂ ಕಾಣುತ್ತವೆ.

1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಫೋಟೊ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು: ವಿಜಯನಗರ ಅಂದರೆ ಬರೀ ಕಲ್ಲು ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಅಲ್ಲಿನ ಅರಮನೆಗಳ ಮೇಲ್ಭಾಗ ಮರದ್ದು. 1565ರ ನಂತರದ ಲೂಟಿ, ಬೆಂಕಿಗಳಲ್ಲಿ ಮರ ಹೋಯಿತು, ಕಲ್ಲಿನ ಜಗತಿ ಉಳಿಯಿತು. ದೇವಸ್ಥಾನದ ಗೋಪುರಗಳ ಬುಡ ಕಲ್ಲು, ಮೇಲೆ ಇಟ್ಟಿಗೆ-ಗಾರೆ. ಗಾರೆ ಉದುರುತ್ತಾ ಬಂತು, ಕಲ್ಲು ಗಟ್ಟಿಯಾಗಿ ನಿಂತಿತು. ನಮ್ಮ ಕಣ್ಣಿಗೆ ‘ಎಷ್ಟು ಸಿಂಪಲ್, ಎಷ್ಟು ಚಂದ’ ಅನ್ನಿಸೋದು ಎಷ್ಟೋ ಕಡೆ ಕಳೆದುಕೊಂಡ ಮೇಲೆ ಉಳಿದದ್ದು. ಅದನ್ನೇ ಫ್ರೇಮ್ ಹಾಕಿಸಿ, ‘ಹಿಂದೆ ಹೀಗಿತ್ತು’ ಅಂತ ಮಕ್ಕಳಿಗೆ ತೋರಿಸ್ತೀವಿ.

ಇನ್ನು ರಿಪೇರಿ ಮಾಡುವವರಿಗೂ ಪ್ರಶ್ನೆ ಇದೇ. ಯಾವ ವರ್ಷದ ರೂಪವನ್ನು ಉಳಿಸಬೇಕು? ಹೊಸದಾಗಿ ಶಿಖರ ಕಟ್ಟಿ ಅಂತ ನಾನು ಹೇಳಲ್ಲ. ಇತ್ತು ಅನ್ನೋದನ್ನ ಮರೆಯೋದು ಬೇಡ, ಅಷ್ಟೆ.

ದೊಡ್ಡ ಪ್ರಿಂಟನ್ನು ಕೆಳಗಿಳಿಸಿಲ್ಲ. ಅದರ ಪಕ್ಕ ಗ್ರೀನ್‌ಲಾ ಚಿತ್ರದ ಚಿಕ್ಕ ಪ್ರತಿಯೊಂದನ್ನು ನೇತುಹಾಕಿದೆ. ಫೋಟೊ ತೆಗೆದು ಅಮ್ಮನಿಗೆ ವಾಟ್ಸಾಪ್ ಮಾಡಿದರೆ ತಕ್ಷಣ ಫೋನ್ ಬಂತು:

“ಈಗ ತೇರು ಅನ್ಸುತ್ತೆ ನೋಡು.”